ದೂರವಿರುವುದು ದ್ವೇಷವಲ್ಲ

ಫ್ರಾನ್ಸ್‌ನ ದಕ್ಷಿಣ ಕರಾವಳಿಯ ನೀಸ್ ನಗರದಲ್ಲಿ ಪ್ರತಿವರ್ಷ ಫೆಬ್ರವರಿಯ ಹೊತ್ತಿಗೆ ಕಾರ್ನಿವಲ್ ಉತ್ಸವ ನಡೆಯುತ್ತದೆ. 1294ರಷ್ಟು ಹಿಂದೆಯೇ ಅದರ ಉಲ್ಲೇಖವಿದೆ. ಈಗಿನ ಮೆರವಣಿಗೆಯ ರೂಪ ಬಂದುದು 1873ರಲ್ಲಿ. ಮೂರು ವರ್ಷಗಳ ಬಳಿಕ ‘ಹೂವಿನ ಕಾಳಗ’ವೂ ಸೇರಿಕೊಂಡಿತು. ಪುಷ್ಪಾಲಂಕೃತ ವಾಹನಗಳ ಮೇಲೆ ನಿಂತವರು ಹಳದಿ ಮಿಮೋಸಾ ಮುಂತಾದ ಹೂಗಳನ್ನು ಜನರತ್ತ ಎಸೆಯುತ್ತಾರೆ. ಕೊನೆಯಲ್ಲಿ ಕಾರ್ನಿವಲ್ ರಾಜನ ಪ್ರತಿಕೃತಿಯನ್ನು ಸುಟ್ಟು, ಬಾಣಬಿರುಸುಗಳನ್ನು ಹಾರಿಸುವುದು ವಾಡಿಕೆ.

ಇಂತಹ ದೃಶ್ಯಗಳು ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲೂ ಕಾಣಸಿಗುತ್ತವೆ. “ನಮಗೇಕೆ ಇದಿಲ್ಲ?” ಎಂದು ಅವರು ಕೇಳಿದಾಗ ಗದರಿಸಿ ಸುಮ್ಮನಾಗಿಸುವುದು ಉತ್ತರವಾಗದು.

ಕಾರ್ನಿವಲ್ ಹುಟ್ಟಿದ್ದು ಕ್ರೈಸ್ತರ ತಪಸ್ಸುಕಾಲದ ಹಿನ್ನೆಲೆಯಲ್ಲಿ. ನಲ್ವತ್ತು ದಿನಗಳ ಸಂಯಮ ಆರಂಭವಾಗುವ ಮುನ್ನ ಉಂಡು ನಲಿಯುವ ಪದ್ಧತಿ ಅದು. ನಮ್ಮಲ್ಲಿ ಕ್ರಮವೇ ಬೇರೆ. ಮೊದಲು ರಮಝಾನಿನ ಉಪವಾಸ, ಅನಂತರ ಈದ್. ಅಂದು ನಮಾಝಿಗೆ ಹೊರಡುವ ಮುನ್ನವೇ ಬಡವನ ಪಾಲಾದ ಫಿತ್ರ್ ಝಕಾತನ್ನು ತಲುಪಿಸಬೇಕು. ಹಸಿವನ್ನು ಅರಿತವನ ಸಂತೋಷದಲ್ಲಿ ಹಸಿದವನಿಗೂ ಪಾಲಿದೆ.

ಹಾಗೆಂದು ಇಸ್ಲಾಮ್ ಸಂತೋಷದ ವೈರಿಯಲ್ಲ. ಈದ್ ದಿನ ಅಬಿಸೀನಿಯದವರು ಮಸೀದಿಯಲ್ಲಿ ಈಟಿಗಳ ಆಟವಾಡಿದಾಗ ಪ್ರವಾದಿಯವರು(ಸ) ಅದನ್ನು ತಡೆಯಲಿಲ್ಲ. ಆಯಿಶಾರಿಗೆ(ರ) ತಣಿಯುವಷ್ಟು ಹೊತ್ತು ನೋಡಲು ಅವಕಾಶ ಕೊಟ್ಟರು. ಧರ್ಮ ವಿಧಿಸುವುದು ಮಿತಿಯನ್ನು. ದುಂದುವೆಚ್ಚ ಮತ್ತು ಲಜ್ಜೆಗೇಡಿತನ ಆ ಮಿತಿಯ ಹೊರಗಿವೆ. ಸಾಲ ಮಾಡಿ ಈದ್ ಖರೀದಿ ನಡೆಸುವ, ಈದ್ ರಾತ್ರಿ ಪಟಾಕಿ ಸುಟ್ಟು ನೆರೆಹೊರೆಯವರ ನಿದ್ದೆಗೆಡಿಸುವ ನಾವು ಅನ್ಯರ ಮೆರವಣಿಗೆಯನ್ನು ಟೀಕಿಸುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು.

ಇನ್ನೊಂದು ಮಾತನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಲೇಬೇಕು. ಹೂವಿನ ಕಾಳಗಕ್ಕೆ ಹೆಸರಾದ ಅದೇ ಕಡಲತೀರದ ಬೀದಿಯಲ್ಲಿ 2016ರ ಜುಲೈ 14ರ ರಾತ್ರಿ, ಫ್ರಾನ್ಸ್‌ನ ರಾಷ್ಟ್ರೀಯ ದಿನದ ಬಾಣಬಿರುಸು ನೋಡಿ ನಿಂತಿದ್ದ ಜನರ ಮೇಲೆ ಒಬ್ಬಾತ ಲಾರಿ ಹರಿಸಿದ. 86 ಜೀವಗಳು ಹೋದವು. ಐಸಿಸ್ ಅದರ ಹೊಣೆ ಹೊತ್ತುಕೊಂಡಿತು. ಸತ್ತವರಲ್ಲಿ ಮಕ್ಕಳಿದ್ದರು, ಹಲವು ಮುಸ್ಲಿಮರೂ ಇದ್ದರು. ಒಬ್ಬ ನಿರಪರಾಧಿಯ ಕೊಲೆಯನ್ನು ಇಡೀ ಮನುಕುಲದ ಕೊಲೆಗೆ ಸಮಾನವೆಂದು ಕಲಿಸುವ ಕುರ್‌ಆನ್‌ನ ಹೆಸರಿನಲ್ಲಿ ಇದನ್ನು ಸಮರ್ಥಿಸುವುದು ಧರ್ಮಕ್ಕೆ ಎಸಗುವ ದ್ರೋಹ.

ಅನ್ಯರ ಆಚರಣೆಯಿಂದ ದೂರವಿರುವುದು ನಮ್ಮ ವಿಶ್ವಾಸ. ಅವರ ಪ್ರಾಣ, ಮಾನ ಮತ್ತು ನೆಮ್ಮದಿಯನ್ನು ಗೌರವಿಸುವುದೂ ಅದೇ ವಿಶ್ವಾಸದ ಬೇಡಿಕೆ. ಮೊದಲನೆಯದನ್ನು ಮಾತ್ರ ಕಲಿತ ಮಗುವಿನ ಧಾರ್ಮಿಕ ಶಿಕ್ಷಣ ಅಪೂರ್ಣ. ಆ ಕೊರತೆಯನ್ನು ಮದ್ರಸಾ ಒಂದೇ ತುಂಬಲಾರದು. ಅದು ಮನೆಯಲ್ಲಿ, ಹೆತ್ತವರ ನಡೆನುಡಿಯಲ್ಲಿ ತುಂಬಬೇಕಾದುದು.