ಗಾಡಿಯ ಮಿದುಳು ಯಾರದು?

ಕಲಾ ವಿಭಾಗದ ವಿದ್ಯಾರ್ಥಿಗೆ ಮೋಟಾರ್ ಸೈಕಲ್ಲಿನ ಎಂಜಿನ್ನಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಕೇಳಲಿ. ನಮ್ಮ ಕಾಲೇಜಿನ ಹೊಂಗೆಯ ಮರಗಳ ಕೆಳಗೆ ಸಾಲುಗಟ್ಟಿ ನಿಲ್ಲುವ ವಾಹನಗಳನ್ನು ಕಂಡ ಯಾರೂ ಈ ವಿಷಯ ನಮಗೆ ಸಂಬಂಧಪಟ್ಟುದಲ್ಲವೆಂದು ಹೇಳಲಾರರು. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಸ್ವತ್ತಿನ ಹಕ್ಕನ್ನು ಓದುತ್ತೇವೆ. ರಾಜ್ಯಶಾಸ್ತ್ರದ ತರಗತಿಯಲ್ಲಿ ಪೌರನ ಹೊಣೆಯನ್ನು ಓದುತ್ತೇವೆ. ಗಂಟೆ ಹೊಡೆದು ಹೊರಗೆ ಬಂದರೆ ಮರದ ಕೆಳಗೆ ನಡೆಯುವ ಚರ್ಚೆ ಮಾತ್ರ ‘ರಿಮ್ಯಾಪ್’ ಮಾಡಿಸಬೇಕೇ ಬೇಡವೇ ಎಂಬುದು. ಒಳಗಿನ ಪಾಠವೂ ಹೊರಗಿನ ಹರಟೆಯೂ ಒಂದೇ ಪ್ರಶ್ನೆಯೆಂದು ನನಗೆ ತೋರುತ್ತದೆ.

ಈ ಪದವನ್ನು ಕೇಳದ ಗುರುಗಳಿಗಾಗಿ ನಾಲ್ಕು ಮಾತು. ಹಿಂದಿನ ಗಾಡಿಗಳಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕೆಲಸ ಕಾರ್ಬುರೇಟರಿನದಾಗಿತ್ತು. ಸ್ಕ್ರೂಡ್ರೈವರ್ ಹಿಡಿದು ಒಂದು ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಗಾಡಿಯ ಗುಣವೇ ಬದಲಾಗುತ್ತಿತ್ತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರು ಎಂಬ ಹೊಗೆಯ ನಿಯಮ ಜಾರಿಗೆ ಬಂದಮೇಲೆ ಹೊಸ ಗಾಡಿಗಳಲ್ಲಿ ಬಹುಪಾಲು ಆ ಕಾರ್ಬುರೇಟರನ್ನು ಕಳೆದುಕೊಂಡವು. ಅದರ ಜಾಗಕ್ಕೆ ಪೆಟ್ರೋಲು ಚಿಮ್ಮುವ ಇಂಜೆಕ್ಟರೂ ಅದಕ್ಕೆ ಅಪ್ಪಣೆ ಕೊಡುವ ಇ.ಸಿ.ಯು. ಎಂಬ ಪುಟ್ಟ ಕಂಪ್ಯೂಟರೂ ಬಂದವು. ಎಕ್ಸಲರೇಟರು ಎಷ್ಟು ತಿರುಗಿದೆ, ಎಂಜಿನ್ ಎಷ್ಟು ಕಾದಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬ ವರದಿಗಳು ಅದಕ್ಕೆ ಕ್ಷಣಕ್ಷಣಕ್ಕೂ ತಲಪುತ್ತವೆ. ಅದರೊಳಗೆ ನಮ್ಮ ಮಗ್ಗಿ ಪುಸ್ತಕದಂಥ ಕೋಷ್ಟಕಗಳಿವೆ. ಒಂದು ಬದಿಗೆ ಎಂಜಿನ್ನಿನ ಸುತ್ತು, ಇನ್ನೊಂದು ಬದಿಗೆ ಎಕ್ಸಲರೇಟರಿನ ತೆರವು. ಎರಡೂ ಕೂಡುವ ಮನೆಯಲ್ಲಿ, ಇಂಜೆಕ್ಟರು ಸೆಕೆಂಡಿನ ಎಷ್ಟು ಸಾವಿರದಂಶ ತೆರೆದಿರಬೇಕೆಂಬ ಅಂಕಿ. ಸ್ಪಾರ್ಕ್ ಪ್ಲಗ್ಗು ಯಾವಾಗ ಕಿಡಿ ಕೊಡಬೇಕೆಂಬುದಕ್ಕೆ ಇನ್ನೊಂದು ಕೋಷ್ಟಕ. ಈ ಅಂಕಿಗಳನ್ನು ತಿದ್ದಿ ಬರೆಯುವುದೇ ರಿಮ್ಯಾಪ್. ಒಳಗಿನ ಕೋಷ್ಟಕವನ್ನು ಮುಟ್ಟದೆ, ವರದಿ ಬರುವ ದಾರಿಯಲ್ಲಿಯೇ ಇನ್ನೊಂದು ಪೆಟ್ಟಿಗೆಯನ್ನು ಕೂರಿಸುವ ಕ್ರಮವೂ ಉಂಟು. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಸಂಸ್ಥೆಯ ‘ಪವರ್‌ಟ್ರಾನಿಕ್’ ಅಂಥದೊಂದು ಪೆಟ್ಟಿಗೆ.

ಇದರಿಂದ ಪ್ರಯೋಜನವೇ ಇಲ್ಲವೆಂದರೆ ಸುಳ್ಳಾದೀತು. ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಸೈಲೆನ್ಸರಿನ ದಾರಿಯಲ್ಲಿರುವ, ವಿಷಾನಿಲಗಳನ್ನು ಹದಕ್ಕೆ ತರುವ ಕ್ಯಾಟಲಿಟಿಕ್ ಕನ್ವರ್ಟರು ಚೆನ್ನಾಗಿ ಕೆಲಸ ಮಾಡುವುದು ಈ ಪ್ರಮಾಣದ ಆಸುಪಾಸಿನಲ್ಲಿಯೇ. ಎಂಜಿನ್ನು ಅತ್ಯಧಿಕ ಶಕ್ತಿ ಕೊಡುವುದಾದರೋ ಗಾಳಿ 13 ಪಾಲಿನ ಹತ್ತಿರಕ್ಕೆ ಇಳಿದಾಗ. ತಯಾರಕನು ಕಾನೂನಿಗೆ ಅಂಜಬೇಕು, ಮೈಲೇಜು ತೋರಿಸಬೇಕು, ಲಡಾಖಿನ ಚಳಿಗೂ ರಾಯಚೂರಿನ ಬಿಸಿಲಿಗೂ ಕಲಬೆರಕೆ ಪೆಟ್ರೋಲಿಗೂ ಅದೇ ಕೋಷ್ಟಕದಲ್ಲಿ ಉತ್ತರ ಬರೆದಿಡಬೇಕು. ಆದುದರಿಂದ ಅವನು ಸ್ವಲ್ಪ ಎಚ್ಚರಿಕೆಯ ಅಂತರವನ್ನು ಬಿಟ್ಟಿರುತ್ತಾನೆ. ರಿಮ್ಯಾಪ್ ಮಾಡುವವನು ಕೈಹಾಕುವುದು ಆ ಅಂತರಕ್ಕೆ. ನಿಧಾನವಾಗಿ ಹೋಗುವಾಗಿನ ಜಗ್ಗಾಟ ತಪ್ಪುವುದೂ ಪಿಕಪ್ ಚುರುಕಾಗುವುದೂ ನಿಜವೇ. ಆದರೆ ಒಂದೇ ಸಿಲಿಂಡರಿನ, ಟರ್ಬೋ ಇಲ್ಲದ ಎಂಜಿನ್ನಿಗೆ ಬರಿಯ ಅಂಕಿಗಳಿಂದ ಹೆಚ್ಚುವ ಅಶ್ವಶಕ್ತಿ ಬೆರಳಿನಲ್ಲಿ ಎಣಿಸುವಷ್ಟು ಮಾತ್ರ. ಏಕೆಂದರೆ ಸಿಲಿಂಡರು ಎಳೆದುಕೊಳ್ಳುವ ಗಾಳಿ ಮೊದಲಿನಷ್ಟೇ. ‘ಗಾಡಿ ಹುಲಿಯಾಗಿದೆ’ ಎಂದು ಬಂದು ಹೇಳುವ ಮಿತ್ರರ ಸೈಲೆನ್ಸರೂ ಅದೇ ವಾರ ಬದಲಾಗಿರುತ್ತದೆ. ಹುಲಿಯ ಬಹುಭಾಗ ಆ ಗರ್ಜನೆಯೇ ಎಂದು ನನ್ನ ಗುಮಾನಿ. ಕಿಡಿಯನ್ನು ಅತಿಯಾಗಿ ಮುಂದಕ್ಕೆ ತಂದರೆ ಎಂಜಿನ್ನಿನೊಳಗೆ ಬಡಿತವೆದ್ದು ಪಿಸ್ಟನ್ ಹಾಳಾಗುತ್ತದೆ. ಪೆಟ್ರೋಲನ್ನು ಅತಿಯಾಗಿ ಸುರಿದರೆ ಕನ್ವರ್ಟರು ಸುಟ್ಟುಹೋಗುತ್ತದೆ. ಆ ಮಾತನ್ನು ಅಂಕಿ ತಿದ್ದಿಕೊಡುವವನು ಹೇಳುವುದು ಅಪರೂಪ.

ಇಷ್ಟಾದರೂ ಕಂಪನಿಗಳ ಪಕ್ಷವನ್ನು ಹಿಡಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾರಣ ನಮ್ಮ ಮನೆಯಲ್ಲಿಯೇ ಇದೆ. ನನ್ನ ಸೋದರಮಾವ ಈ ಊರಿನ ಸಂತೆಬೀದಿಯಲ್ಲಿ ಗ್ಯಾರೇಜು ಇಟ್ಟುಕೊಂಡು ಮೂವತ್ತು ವರ್ಷವಾಗುತ್ತ ಬಂತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ ಮೇಲೂ ಅಲ್ಲಿಂದ ಬಂದ ಯೆಜ್ದಿಗಳನ್ನು ಓಡಾಡುವಂತೆ ಇಟ್ಟವರು ಇಂಥವರೇ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ತುದಿಯ ಬಣ್ಣವನ್ನು ನೋಡುತ್ತಾರೆ: ಕಾಫಿಪುಡಿಯ ಬಣ್ಣವಿದ್ದರೆ ಹದ ಸರಿ, ಮಸಿಯಂತಿದ್ದರೆ ಪೆಟ್ರೋಲು ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ. ಈಗ ಹೊಸ ಗಾಡಿಯೊಂದು ಮೀಟರಿನಲ್ಲಿ ಹಳದಿ ದೀಪ ಹೊತ್ತಿಸಿಕೊಂಡು ಬಂದರೆ ಅವರ ಕಣ್ಣಿಗೂ ಕಿವಿಗೂ ಕೆಲಸವಿಲ್ಲ. ಪೇಟೆಯಲ್ಲಿ ಸಿಗುವ ಸ್ಕ್ಯಾನರು ದೋಷದ ಸಂಖ್ಯೆಯನ್ನೇನೋ ತೋರಿಸುತ್ತದೆ. ಆದರೆ ಅನೇಕ ಮಾದರಿಗಳಲ್ಲಿ ಅದಕ್ಕೆ ಮುಂದಿನ ಕೆಲಸಕ್ಕೆ ಕಂಪನಿಯ ತಂತ್ರಾಂಶವೇ ಬೇಕು. ಅದು ಇರುವುದು ಷೋರೂಮಿನವರ ಕೈಯಲ್ಲಿ. ಕಳೆದ ಮಳೆಗಾಲದಲ್ಲಿ ಹಾಲಿನ ವ್ಯಾಪಾರಿಯೊಬ್ಬರ ಗಾಡಿಯನ್ನು ನಲವತ್ತು ಕಿಲೋಮೀಟರು ಟೆಂಪೋದಲ್ಲಿ ಹೇರಿಕೊಂಡು ಹೋಗಬೇಕಾಯಿತು. ಅಲ್ಲಿ ಆದ ಕೆಲಸ ಹತ್ತು ನಿಮಿಷದ್ದು. ಹೋಗಿಬಂದ ಖರ್ಚೂ ಎರಡು ದಿನದ ಸಂಪಾದನೆಯೂ ಆ ಬಡವರ ತಲೆಯ ಮೇಲೆ ಬಿದ್ದುವು. ಗಾಡಿಯ ಬೆಲೆಯನ್ನು ಪೂರ್ತಿ ತೆತ್ತವನಿಗೆ ಅದರ ಕಾಯಿಲೆ ಏನೆಂದು ತಿಳಿಯುವ ಹಕ್ಕೂ ಇಲ್ಲವೆಂದರೆ ಅದನ್ನು ಸ್ವತ್ತು ಎನ್ನುವುದಾದರೂ ಹೇಗೆ?

ಬೀಗ ಹಾಕುವುದು ಗಾಳಿಯ ಶುದ್ಧಿಗಾಗಿ, ಜನರ ಸುರಕ್ಷತೆಗಾಗಿ ಎಂದು ತಯಾರಕರು ಹೇಳುತ್ತಾರೆ. ಇದನ್ನು ನಂಬುವ ಮುನ್ನ 2015ರ ಸೆಪ್ಟೆಂಬರನ್ನು ನೆನೆಯಬೇಕು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯು ತನ್ನ ಡೀಸೆಲ್ ಕಾರುಗಳ ಕಂಪ್ಯೂಟರಿಗೆ ಒಂದು ಕಪಟವನ್ನು ಕಲಿಸಿತ್ತೆಂಬುದನ್ನು ಆ ತಿಂಗಳು ಅಮೆರಿಕದ ಪರಿಸರ ಇಲಾಖೆ ಬಯಲಿಗೆಳೆಯಿತು. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿದಾಗ ಆ ಕಾರು ಸಾಧುವಾಗುತ್ತಿತ್ತು. ರಸ್ತೆಗಿಳಿದಾಗ ಕೆಲವು ಕಾರುಗಳು ಮಿತಿಯ ನಲವತ್ತು ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡುಗಳನ್ನು ಉಗುಳುತ್ತಿದ್ದುವು. ಪ್ರಪಂಚದಲ್ಲಿ ಅಂಥ ವಾಹನಗಳು ಸುಮಾರು 1 ಕೋಟಿ 10 ಲಕ್ಷ. ಅಲ್ಲಿ ಬೀಗವು ಕಾದದ್ದು ಗಾಳಿಯನ್ನಲ್ಲ, ಗುಟ್ಟನ್ನು. ವಿಚಿತ್ರವೆಂದರೆ ಮರುತಿಂಗಳೇ ಅದೇ ದೇಶದಲ್ಲಿ, ಗ್ರಂಥಸ್ವಾಮ್ಯದ ಕಾನೂನಿಗೆ ವಿನಾಯಿತಿ ಕೊಡುವ ಅಧಿಕಾರವುಳ್ಳ ಲೈಬ್ರರಿ ಆಫ್ ಕಾಂಗ್ರೆಸ್ಸು, ವಾಹನದ ಮಾಲೀಕನು ದೋಷವನ್ನು ಹುಡುಕಲು, ರಿಪೇರಿ ಮಾಡಲು, ‘ಕಾನೂನಿಗೆ ಒಪ್ಪುವ’ ಬದಲಾವಣೆ ಮಾಡಿಕೊಳ್ಳಲು ತಂತ್ರಾಂಶವನ್ನು ತೆರೆಯಬಹುದೆಂದು ತೀರ್ಪಿತ್ತಿತು.

‘ಕಾನೂನಿಗೆ ಒಪ್ಪುವ’ ಎಂಬ ಆ ಎರಡು ಪದಗಳನ್ನು ನನ್ನ ಮಿತ್ರರು ಗಮನಿಸಬೇಕೆಂದು ಕೋರುತ್ತೇನೆ. ‘ನನ್ನ ಗಾಡಿ, ನನ್ನ ದುಡ್ಡು’ ಎಂಬ ವಾದ ಸೀಟಿನ ಮೇಲೆ ಕೂತವನಿಗೆ ಸರಿಯಾಗಿಯೇ ಕೇಳಿಸುತ್ತದೆ. ಆದರೆ ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ. ಅಲ್ಲಿ ಅವನು ಕೂತಿಲ್ಲ. ಅಲ್ಲಿರುವವರು ಸಿಗ್ನಲ್ಲಿನ ಪೊಲೀಸಿನವರು, ಬೀದಿಬದಿಯಲ್ಲಿ ಹೂ ಕಟ್ಟುವವರು, ಶಾಲೆ ಬಿಟ್ಟು ಬರುವ ಮಕ್ಕಳು. ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎನ್ನುವವರೂ ಉಂಟು. ನಮ್ಮಲ್ಲಿ ಪೆಟ್ರೋಲ್ ಗಾಡಿಯ ಆ ತಪಾಸಣೆ ನಡೆಯುವುದು ಗಾಡಿ ನಿಂತಲ್ಲೇ ಗುರುಗುಟ್ಟುತ್ತಿರುವಾಗ. ಕೋಷ್ಟಕದಲ್ಲಿ ತಿದ್ದಿದ ಮನೆಗಳಾದರೋ ಎಕ್ಸಲರೇಟರನ್ನು ಪೂರ್ತಿ ತಿರುವಿದಾಗಿನವು. ಹಾಗಾಗಿ ಚೀಟಿ ಸಿಕ್ಕೇ ಸಿಗುತ್ತದೆ. ಅದರಿಂದ ಏನೂ ಸಿದ್ಧವಾಗುವುದಿಲ್ಲ. ಫೋಕ್ಸ್‌ವ್ಯಾಗನ್ನಿನ ಕಪಟಕ್ಕೂ ಇದಕ್ಕೂ ಇರುವ ಅಂತರ ಗಾತ್ರದ್ದೇ ಹೊರತು ಜಾತಿಯದಲ್ಲ.

ನಮ್ಮ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕನು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸಕೂಡದೆನ್ನುತ್ತದೆ. 2019ರ ತಿದ್ದುಪಡಿಯಿಂದ, ನಿಯಮ ಮೀರಿ ಬಿಡಿಭಾಗ ಜೋಡಿಸಿದ ಮಾಲೀಕನಿಗೆ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ದಂಡಕ್ಕೆ ಹೆದರಿ ಯಾರೂ ಬಿಟ್ಟಂತೆ ಕಾಣೆ. ಬಿಡಿಸುವ ಉದ್ದೇಶವಿದ್ದರೆ ಬೇರೆ ದಾರಿ ತೆರೆಯಬೇಕಾಗಿತ್ತು. ಅಂಥದೊಂದು ದಾರಿ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿ ಎಂಜಿನ್ನಿನ ಹೊಗೆಯ ಮೇಲೆ ಪರಿಣಾಮ ಬೀರುವ ಬಿಡಿಭಾಗವನ್ನಾಗಲಿ ಅಂಕಿಯ ತಿದ್ದುಪಡಿಯನ್ನಾಗಲಿ ಮಾರುವವನು ಮೊದಲು ಸರ್ಕಾರಿ ವಾಯುಮಂಡಳಿಯ ಪರೀಕ್ಷೆಗೆ ಒಡ್ಡಿ, ಹೊಗೆ ಹೆಚ್ಚುವುದಿಲ್ಲವೆಂದು ತೋರಿಸಿ, ಒಂದು ಆಜ್ಞಾಸಂಖ್ಯೆಯನ್ನು ಪಡೆಯಬೇಕು. ಸಂಖ್ಯೆಯಿದ್ದರೆ ರಸ್ತೆಗೆ ಅರ್ಹ. ಇಲ್ಲದಿದ್ದರೆ ರೇಸಿನ ಮೈದಾನಕ್ಕೆ. ಪುಣೆಯ ಎ.ಆರ್.ಎ.ಐ. ಸಂಸ್ಥೆ ಕಂಪನಿಗಳ ಹೊಸ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಿರುವಾಗ ಇಂಥ ತಿದ್ದುಪಡಿಗಳನ್ನೂ ಪರೀಕ್ಷಿಸಲು ಅಡ್ಡಿಯೇನು? ಚುರುಕು ಬೇಕೆನ್ನುವ ಹುಡುಗನಿಗೂ, ಬೆಂಗಳೂರಿನಲ್ಲಿ ಪೆಟ್ಟಿಗೆ ತಯಾರಿಸುವವರಿಗೂ ಕಳ್ಳದಾರಿ ತಪ್ಪೀತು.

ಇನ್ನೊಂದು ಸಂಗತಿ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಎಥನಾಲು ಉರಿಯಲು ಬೇಕಾದ ಗಾಳಿ 9 ಪಾಲು ಮಾತ್ರ. ಎಂದರೆ ಹಳೆಯ ಇಂಧನಕ್ಕೆಂದು ಬರೆದ ಕೋಷ್ಟಕ ಹೊಸ ಇಂಧನಕ್ಕೆ ಸರಿಯಾಗಿ ಕೂರುವುದಿಲ್ಲ. ಆಮ್ಲಜನಕದ ವರದಿ ನೋಡಿ ಕಂಪ್ಯೂಟರು ಸ್ವಲ್ಪ ಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಆದರೆ ಎಕ್ಸಲರೇಟರನ್ನು ಪೂರ್ತಿ ತಿರುವಿದಾಗ ಸಾಮಾನ್ಯವಾಗಿ ಆ ವರದಿಯನ್ನು ಬದಿಗಿಟ್ಟು ಕೋಷ್ಟಕವನ್ನೇ ನಂಬುತ್ತದೆ. ಇಂಧನವನ್ನು ಬದಲಿಸಿದವನು ಗಾಡಿಯ ಮಾಲೀಕನಲ್ಲ. ಹೀಗಿರುವಾಗ ಹಳೆಯ ಇಂಜೆಕ್ಷನ್ ಗಾಡಿಗಳಿಗೆ ಬೇಕಾದ ಮೊದಲ ರಿಮ್ಯಾಪನ್ನು ಕಂಪನಿಗಳೇ ಪುಕ್ಕಟೆಯಾಗಿ ಮಾಡಿಕೊಡುವುದು ನ್ಯಾಯವೆಂದು ನನ್ನ ಮತ.

ಒಟ್ಟಿನಲ್ಲಿ ನಾನು ಕೇಳುತ್ತಿರುವುದು ಓದುವ ಹಕ್ಕನ್ನೂ ಬರೆಯುವ ಹಕ್ಕನ್ನೂ ಬೇರೆ ಮಾಡಬೇಕೆಂದು. ಮಿದುಳನ್ನು ಓದುವ ಹಕ್ಕು ಗಾಡಿಯ ಮಾಲೀಕನಿಗೂ ಅವನು ನಂಬಿದ ಮೆಕ್ಯಾನಿಕ್ಕಿಗೂ ಷರತ್ತಿಲ್ಲದೆ ಸಲ್ಲಬೇಕು; ಬರೆಯುವ ಹಕ್ಕು ಪರೀಕ್ಷೆಯಾದ ಬರೆಹಕ್ಕೆ ಮಾತ್ರ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆದು, ಅದರ ನಾಲ್ಕು ಕ್ಷೇತ್ರಗಳಲ್ಲಿ ಮೋಟಾರು ವಾಹನವನ್ನೂ ಸೇರಿಸಿತು. ಆದರೆ ಜಾಲತಾಣ ಬೇರೆ, ಕಾನೂನು ಬೇರೆ. ಸಂತೆಬೀದಿಯ ಗ್ಯಾರೇಜಿಗೆ ಕಂಪನಿಯ ತಂತ್ರಾಂಶ ನ್ಯಾಯವಾದ ಬೆಲೆಗೆ ಸಿಗುವಂತೆ ಆಜ್ಞೆ ಮಾಡಲು ಕಾನೂನೇ ಬೇಕು.

ಅಲ್ಲಿಯವರೆಗೆ, ಬೇಸಗೆಯ ರಜೆಯಲ್ಲಿ ಗಾಡಿಯನ್ನು ಬೆಂಗಳೂರಿಗೆ ಒಯ್ಯುವೆನೆಂದು ಹೊರಟಿರುವ ಮಿತ್ರರಲ್ಲಿ ಒಂದೇ ವಿನಂತಿ. ಅಂಕಿ ತಿದ್ದುವವನನ್ನು ಮೊದಲು ಕೇಳಿರಿ: ಮೂಲ ಕೋಷ್ಟಕದ ಪ್ರತಿಯನ್ನು ತೆಗೆದಿರಿಸುತ್ತೀಯಾ, ಯಾವ ಮನೆಯ ಯಾವ ಅಂಕಿಯನ್ನು ಏಕೆ ಬದಲಿಸುತ್ತೀಯೆಂದು ತೋರಿಸುತ್ತೀಯಾ ಎಂದು. ತೋರಿಸಲಾರೆನೆಂದರೆ ಕೀಲಿಕೈಯನ್ನು ಜೇಬಿಗಿಟ್ಟುಕೊಂಡು ಹಿಂತಿರುಗಿ ಬನ್ನಿ. ಮಾವನ ಗ್ಯಾರೇಜಿನಲ್ಲಿ ಚೈನು ಬಿಗಿ ಮಾಡಿಸಿ, ಏರ್ ಫಿಲ್ಟರ್ ಬದಲಿಸಿಕೊಂಡರೆ ಅರ್ಧ ಪಿಕಪ್ ಅಲ್ಲಿಯೇ ಸಿಗುತ್ತದೆ.