ಊರ ಸುದ್ದಿಗೆ ಯಾರು ದಿಕ್ಕು?

ವಿಮಾನಪುರದ ಬೀದಿಯೊಂದರಲ್ಲಿ ನಲ್ಲಿ ಬತ್ತಿದರೆ ಬರೆಯುವವರು ಯಾರು? 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಪಾಲಿಕೆ ಚುನಾವಣೆಯೇ ನಡೆಯಲಿಲ್ಲ. ಕೇಳಲು ಕಾರ್ಪೊರೇಟರ್ ಇಲ್ಲದಾಗ ಸ್ಥಳೀಯ ಪತ್ರಿಕೆಯೇ ಜನರ ಬಾಯಿ. ಆದರೆ ಅದನ್ನು ಸಾಕುತ್ತಿದ್ದ ಮನೆಬಾಡಿಗೆ, ಟ್ಯೂಷನ್ನಿನ ಪುಟ್ಟ ಜಾಹೀರಾತುಗಳು ಮೊಬೈಲಿಗೆ ವಲಸೆ ಹೋಗಿವೆ.

ಕಷ್ಟ ಹೊಸದಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಮರುವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಹೆಚ್ಚು ಕಾಲ ಬಾಳಲಿಲ್ಲ. ಆದರೂ ಕನ್ನಡ ನಾಡಿಗೆ ಜುಲೈ 1 ಇಂದಿಗೂ ಪತ್ರಿಕಾ ದಿನ.

ಗಾಳಿಮಾತು ಕುಳಿತಲ್ಲೇ ಹುಟ್ಟುತ್ತದೆ; ಸುದ್ದಿಗೆ ಸ್ಥಳಕ್ಕೆ ಹೋಗಬೇಕು, ನಾಲ್ವರನ್ನು ಕೇಳಬೇಕು. ಈ ಪಾಠ ಶಾಲೆಯ ಗೋಡೆಪತ್ರಿಕೆಯಲ್ಲೇ ಆರಂಭವಾಗಲಿ. ಪಾಲಕರು ಮನೆಗೊಂದು ಪತ್ರಿಕೆ ತರಿಸಲಿ; ಮಕ್ಕಳು ತಮ್ಮ ಬೀದಿಯ ಸುದ್ದಿ ಬರೆಯಲಿ.