ಊರಾಚೆಯ ಮನೆ

ಸರ್ಕಾರ ಕಟ್ಟಿಕೊಟ್ಟ ಮನೆಯನ್ನು ಬಾಡಿಗೆಗೆ ಬಿಟ್ಟು ಮತ್ತೆ ಕೊಳಗೇರಿಗೇ ಬಂದು ಕೂತರು ಎಂಬ ದೂರು ಅಧಿಕಾರಿಗಳ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ‘ಇವರಿಗೆ ಎಷ್ಟು ಕೊಟ್ಟರೂ ಅಷ್ಟೆ’ ಎಂದು ನಾವೂ ತಲೆಯಾಡಿಸುತ್ತೇವೆ. ಯಾಕೆ ಬಂದರು ಎಂದು ವಿಚಾರಿಸುವವರು ಕಡಿಮೆ.

ಅಹಮದಾಬಾದಿನಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ವಿಚಾರಿಸಿದರು. ಅಲ್ಲಿ 1987ರಲ್ಲಿ ಕೊಳಗೇರಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಲಾಟರಿ ಎತ್ತಿ ಮನೆ ಹಂಚಲಾಗಿತ್ತು. ಮನೆಗಳು ಚೆನ್ನಾಗಿಯೇ ಇದ್ದವು. ಇದ್ದದ್ದು ಮಾತ್ರ ನಗರದ ನಡುಭಾಗದಿಂದ ಸುಮಾರು 12 ಕಿಲೋಮೀಟರ್ ಆಚೆ. ಗೆದ್ದವರಲ್ಲಿ ಶೇ. 34 ಮಂದಿ ಅಲ್ಲಿಗೆ ಹೋಗಲೇ ಇಲ್ಲ. ಇನ್ನು ಶೇ. 32 ಮಂದಿ ಹೋದವರು ಬಿಟ್ಟುಬಂದರು. 14 ವರ್ಷ ಕಳೆದರೂ ಗೆದ್ದವರ ಸಂಪಾದನೆಯಾಗಲಿ ಮಕ್ಕಳ ಸ್ಥಿತಿಯಾಗಲಿ ಸೋತವರಿಗಿಂತ ಮೇಲಾಗಿರಲಿಲ್ಲ. ಬೀಡಿ ಮನೆಯಲ್ಲೇ ಕೂತು ಕಟ್ಟುವ ಕೆಲಸವಲ್ಲವೇ, ದೂರವಾದರೇನು ಎನ್ನಬಹುದು. ಆದರೆ ಕಾಯಿಲೆ ಬಿದ್ದಾಗ ಕೈಗಡ ಕೊಡುವ ನೆಂಟರು, ನೆರೆಯವರು ಹಳೆಯ ಕೇರಿಯಲ್ಲೇ ಉಳಿದಿದ್ದರು.

ಬೆಂಗಳೂರಿನ ಕಥೆ ಇನ್ನೂ ಕಹಿ. ಕೋರಮಂಗಲಕ್ಕೆ ಅಂಟಿಕೊಂಡ ಈಜಿಪುರದಲ್ಲಿ ಬಡವರಿಗೆಂದು ಪಾಲಿಕೆ ಕಟ್ಟಿದ್ದ ಕ್ವಾರ್ಟರ್ಸ್ ಕುಸಿಯಿತು. ಜನ ಅಲ್ಲೇ ತಗಡಿನ ಶೆಡ್‌ಗಳಲ್ಲಿ ಉಳಿದರು. 2013ರ ಜನವರಿಯಲ್ಲಿ ಜೆಸಿಬಿಗಳು ಬಂದು ಅವನ್ನೂ ನೆಲಸಮ ಮಾಡಿದವು. ಜಾಗದ ಒಂದು ಭಾಗದಲ್ಲಿ ಮನೆ, ಇನ್ನೊಂದು ಭಾಗದಲ್ಲಿ ಮಾಲ್ ಎಂಬುದು ಆಗಿನ ಯೋಜನೆ. ಹಲವು ಕುಟುಂಬಗಳ ಪಾಲಿಗೆ ಬಂದದ್ದು ಸರ್ಜಾಪುರ ರಸ್ತೆ ಕಡೆಯ ದೂರದ ಸೂಲಿಕುಂಟೆ.

ಈಜಿಪುರದಲ್ಲಿದ್ದಾಗ ಮನೆಗೆಲಸದ ಹೆಂಗಸು ಬೆಳಿಗ್ಗೆ ಆರಕ್ಕೆ ಕೋರಮಂಗಲದ ಒಂದು ಮನೆಯ ಪಾತ್ರೆ ತೊಳೆದು, ಎಂಟಕ್ಕೆ ನಡೆದುಕೊಂಡೇ ವಾಪಸಾಗಿ ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಟ್ಟು, ಒಂಬತ್ತಕ್ಕೆ ಇನ್ನೊಂದು ಮನೆಗೆ ಹೋಗಬಹುದಿತ್ತು. ಸೂಲಿಕುಂಟೆಯಿಂದ ಅದು ಆಗದ ಮಾತು. ಈಗ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆಯಿದೆ, ಟಿಕೆಟ್ ದುಡ್ಡು ಉಳಿಯುತ್ತದೆ ನಿಜ. ದಾರಿಯ ಟ್ರಾಫಿಕ್ಕಿನಲ್ಲಿ ಕಳೆದ ಹೊತ್ತನ್ನು ಯಾವ ಯೋಜನೆ ವಾಪಸ್ ಕೊಡುತ್ತದೆ? ಎರಡು ಮನೆಯ ಕೆಲಸ ಒಂದಕ್ಕಿಳಿಯುತ್ತದೆ. ಇತ್ತ ಕೆಲಸದವಳು ಬರದಿದ್ದರೆ ಐಟಿ ಕಂಪನಿಯ ಮೇಡಂ ಕೂಡ ಹೊತ್ತಿಗೆ ಸರಿಯಾಗಿ ಲ್ಯಾಪ್‌ಟಾಪ್ ತೆರೆಯಲಾರರು. ನಗರದ ಆರ್ಥಿಕ ಬೆಳವಣಿಗೆಯ ಭಾಷಣಗಳಲ್ಲಿ ಈ ಕೊಂಡಿ ಕಾಣುವುದಿಲ್ಲ.

ಬೇರೆ ದಾರಿಯೂ ಇದೆ. ಸಿಂಗಪುರದ ಬುಕಿತ್ ಹೋ ಸ್ವೀ ಕೊಳಗೇರಿ 1961ರಲ್ಲಿ ಬೆಂಕಿಗೆ ಆಹುತಿಯಾಗಿ ಸುಮಾರು 16 ಸಾವಿರ ಜನ ಬೀದಿಗೆ ಬಿದ್ದಾಗ, ಸರ್ಕಾರ ಸುಟ್ಟ ನೆಲದಲ್ಲೇ ಫ್ಲ್ಯಾಟುಗಳನ್ನು ಎಬ್ಬಿಸಿತು. ಆ ಸರ್ಕಾರದ ಎಲ್ಲವನ್ನೂ ಮೆಚ್ಚಬೇಕಿಲ್ಲ, ಇದನ್ನು ಮೆಚ್ಚಬಹುದು. ನಮ್ಮಲ್ಲಿ ಹಾಗಲ್ಲ. ನಮ್ಮ ಹಳ್ಳಿಗಳು ದಲಿತರ ಕೇರಿಯನ್ನು ಊರಾಚೆ ಇಟ್ಟವು. ನಗರದಲ್ಲಿ ಅದೇ ಕೆಲಸ ಈಗ ಹಕ್ಕುಪತ್ರದ ಜೊತೆ, ಶಾಸಕರ ಫೋಟೋ ಸಮೇತ ನಡೆಯುತ್ತಿದೆ.

ಊರಾಚೆ ಜಾಗ ಅಗ್ಗ ಎಂಬ ಲೆಕ್ಕ ಫೈಲಿನಲ್ಲಿ ಸರಿಯಾಗಿಯೇ ಇರುತ್ತದೆ. ಉಳಿದ ಖರ್ಚೆಲ್ಲ ಮನೆ ಪಡೆದವರ ತಲೆಗೆ ಬೀಳುವುದರಿಂದ ಅದು ಫೈಲಿಗೆ ಬರುವುದಿಲ್ಲ. ವಸತಿ ಇಲಾಖೆ ಮುಂದಿನ ಬಾರಿ ಜಾಗ ಗುರುತಿಸುವ ಮುನ್ನ ಫಲಾನುಭವಿಗಳ ಪಟ್ಟಿಯ ಜೊತೆಗೆ, ಅವರು ದುಡಿಯುವ ಬಡಾವಣೆಗಳ ಪಟ್ಟಿಯನ್ನೂ ತರಿಸಿಕೊಳ್ಳಲಿ.